ಓತಿಲ್ಯಾ ಎತ್ತಿದ ಕೈ

ಓತಿಲ್ಯಾ ಗಾಯ್ಜಿಕ್‌ಗೆ ಗ್ರಾಮಫೋನ್ ರೆಕಾರ್ಡು ಕಾರ್ಖಾನೆಯಿಂದ ಮೂವತ್ತು ವರ್ಷದ ದುಡಿಮೆಯ ಇನಾಮು ಇನ್ನೂ ಬರಬೇಕಾಗಿದೆ. ಮೂರು ತಿಂಗಳ ಸಂಬಳದಷ್ಟು ದುಡ್ಡು. ಮಾಲೀಕರ ದಯೆಯಲ್ಲ ಅದು, ಒಪ್ಪಂದದಲ್ಲಿ ಬರೆದದ್ದು. ಮೂವತ್ತು ತುಂಬಲು ಹತ್ತೊಂಬತ್ತು ದಿನ ಉಳಿದಿರುವಾಗ ಅವಳನ್ನು ಶಿಸ್ತುಕ್ರಮದ ಮೇಲೆ ಕೆಲಸದಿಂದ ತೆಗೆದರು. ಹಾಗೆ ತೆಗೆದವರಿಗೆ ಇನಾಮಿಲ್ಲ. ಹತ್ತೊಂಬತ್ತು ದಿನದ ಲೆಕ್ಕ ತಾನಾಗಿಯೇ ಹಾಗೆ ಕೂಡಿಬಂತು ಎಂದು ನಂಬುವವರು ನಂಬಿಕೊಳ್ಳಲಿ.

ಪೋಲೆಂಡಿನ ಈ ಮೂಲೆಯಲ್ಲಿ, ಸಿಲೇಸಿಯಾದಲ್ಲಿ, ಗಂಡಸರು ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದರು, ಹೆಂಗಸರು ನೆಲದ ಮೇಲೆ ಸಿಕ್ಕ ಕೆಲಸ ಹಿಡಿಯುತ್ತಿದ್ದರು. ಓತಿಲ್ಯಾ ಇಪ್ಪತ್ತೇಳನೇ ವಯಸ್ಸಿಗೆ ರೆಕಾರ್ಡು ಕಾರ್ಖಾನೆಯ ಎರಡನೇ ಶೆಡ್ಡಿಗೆ ಬಂದಳು. ರೆಕಾರ್ಡಿನ ಕಾಲ ಮುಗಿಯಿತು ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಹಾಡು ಕೇಳುವವರೆಲ್ಲ ಅದನ್ನು ಬಿಟ್ಟು ಹೊಳೆಯುವ ಸಣ್ಣ ತಟ್ಟೆಗಳ ಹಿಂದೆ ಹೋಗಿದ್ದರು. ಬಿಡದೆ ಕೊಳ್ಳುತ್ತಿದ್ದವರು ಕುಣಿತದ ಸಂಗೀತದವರು ಮಾತ್ರ. ನೆಲಮಾಳಿಗೆಯ ಕ್ಲಬ್ಬುಗಳಲ್ಲಿ ರೆಕಾರ್ಡು ತಿರುಗಿಸಿ ಜನರನ್ನು ಕುಣಿಸುವವರಿಗೆ ಕಪ್ಪು ತಟ್ಟೆಯೇ ಬೇಕು. ಬರ್ಲಿನ್ನಿನಿಂದ, ಪ್ರಾಗಿನಿಂದ ಬರುತ್ತಿದ್ದ ಅವರ ಆರ್ಡರುಗಳು ಕಾರ್ಖಾನೆಯ ಬಾಯ್ಲರು ಆರದಂತೆ ನೋಡಿಕೊಂಡವು, ಓತಿಲ್ಯಾಳ ಮನೆಯ ಒಲೆಯನ್ನೂ. ಧಡ್ ಧಡ್ ಎನ್ನುವ ಆ ಸಂಗೀತವನ್ನು ಅವಳು ಒಮ್ಮೆಯೂ ಮನೆಗೆ ತಂದವಳಲ್ಲ. ಅದನ್ನು ಬೈದವಳೂ ಅಲ್ಲ.

ಮೊದಲ ಹನ್ನೆರಡು ವರ್ಷ ಅವಳು ಒತ್ತುಯಂತ ನಡೆಸಿದಳು. ಮುಷ್ಟಿ ಗಾತ್ರದ ಬಿಸಿ ಪ್ಲಾಸ್ಟಿಕ್ ಮುದ್ದೆಯನ್ನು ಎರಡು ಲೋಹದ ಅಚ್ಚುಗಳ ನಡುವೆ ಇಟ್ಟರೆ ಯಂತ್ರ ಬುಸ್ ಎಂದು ಆವಿ ಉಗುಳಿ ಧೊಪ್ಪನೆ ಮುಚ್ಚುತ್ತಿತ್ತು. ಅರ್ಧ ನಿಮಿಷಕ್ಕೊಂದು ರೆಕಾರ್ಡು. ಒಂದೇ ಶೆಡ್ಡಿನಲ್ಲಿ ಹದಿನಾಲ್ಕು ಯಂತ್ರ. ಕಿವಿಗೆ ಹಾಕಿಕೊಳ್ಳಲು ಔಷಧಿ ಅಂಗಡಿಯ ಹತ್ತಿ, ಅದೂ ಮನೆಯಿಂದಲೇ ತರಬೇಕು. ಆಮೇಲಿನ ಹದಿನೆಂಟು ವರ್ಷ ಅವಳು ಕೇಳುವ ಕೆಲಸ ಮಾಡಿದಳು.

ಕೇಳುವ ಕೆಲಸ ಎಂದರೆ ಹಗುರವಾಗಿ ಎಣಿಸುವವರಿದ್ದಾರೆ. ಯಂತ್ರದಿಂದ ಬಂದ ಪ್ರತಿ ನೂರು ರೆಕಾರ್ಡಿಗೆ ಒಂದನ್ನು ತೆಗೆದು ಕೇಳುವವರ ಗೂಡಿಗೆ ಕಳಿಸುತ್ತಾರೆ. ಎದುರಿಗೆ ಗಾಜು, ತಲೆಗೆ ಹೆಡ್‌ಫೋನು, ಬಲಗಡೆ ಒಂದು ದೀಪ. ಕೇಳಿ, ಸರಿಯಿದ್ದರೆ ಚೀಟಿಯ ಮೇಲೆ ತನ್ನ ನಂಬರಿನ ರಬ್ಬರ್ ಮುದ್ರೆ ಒತ್ತಬೇಕು. ಆ ನೂರೂ ಪಾಸು. ಓತಿಲ್ಯಾಳದು ನಾಲ್ಕನೇ ನಂಬರು. ಒಂದೂವರೆ ಗಂಟೆ ಕೇಳಿದರೆ ಇಪ್ಪತ್ತು ನಿಮಿಷ ಮೌನದ ಕೋಣೆಗೆ ಹೋಗುವ ಪದ್ಧತಿಯಿತ್ತು. ಗೋಡೆಗೆಲ್ಲ ದಪ್ಪ ಉಣ್ಣೆಬಟ್ಟೆ ಬಡಿದ ಕೋಣೆ ಅದು. ಅಲ್ಲಿ ಮಾತಾಡುವ ಹಾಗಿಲ್ಲ. ಹೆಂಗಸರು ಕೂತು ಹೆಣೆಯುತ್ತಿದ್ದರು, ಇಲ್ಲವೇ ಕಣ್ಣು ಮುಚ್ಚಿ ಒರಗುತ್ತಿದ್ದರು. ಹಳೆಯ ಕಾರ್ಮಿಕ ಸಂಘ ಹೊಡೆದಾಡಿ ಪಡೆದ ಇಪ್ಪತ್ತು ನಿಮಿಷ ಅದು. ಹೊಸ ಮಾಲೀಕರು ಬಂದ ವರ್ಷ ಅದನ್ನು ಐದಕ್ಕೆ ಇಳಿಸಿದರು. ಹನ್ನೊಂದು ದಿನ ಮುಷ್ಕರ ಹೂಡಿ ಸಂಘ ಸೋತಿತು. ಮರುವರ್ಷ ಮೌನದ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದರು.

ಓತಿಲ್ಯಾಳ ಕಿವಿಯಿಂದ ಮೊದಲು ಹೋದದ್ದು ಅಡುಗೆಮನೆಯ ಕೆಟಲಿನ ಸೀಟಿ. ನೀರು ಇಂಗಿ ಕೆಟಲಿನ ತಳ ಕರಕಲಾದ ದಿನ ಅವಳು ಅದನ್ನು ಮರೆವು ಎಂದುಕೊಂಡಳು. ಆಮೇಲೆ ಒಂದು ರೆಕಾರ್ಡನ್ನು, ತಾಳದ ಚುಂಯ್ ಎನ್ನುವ ಸದ್ದೇ ಇಲ್ಲ, ಮಂಕಾಗಿದೆ ಎಂದು ವಾಪಸು ಕಳಿಸಿದಳು. ಪಕ್ಕದ ಗೂಡಿನವಳು ಅದನ್ನೇ ಕೇಳಿ, ಸರಿಯಾಗೇ ಇದೆಯಲ್ಲ ಎಂದಳು. ನೆಗಡಿ ಎಂದು ಓತಿಲ್ಯಾ ತಪ್ಪಿಸಿಕೊಂಡಳು. ಆ ನೆಗಡಿ ಆರು ವರ್ಷ ಇತ್ತು.

ಆರು ವರ್ಷ ಅವಳು ಕಣ್ಣಿನಿಂದ ಕೇಳಿದಳು. ರೆಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಗೆರೆಗಳ ನಡುವೆ ಕೊಳೆ, ಗುಳ್ಳೆ, ಸೊಟ್ಟ ಎಲ್ಲ ಕಾಣುತ್ತದೆ. ಸರಿಯಾಗಿ ತುಂಬದ ಜಾಗ ಬೂದು ಬಣ್ಣಕ್ಕೆ ಮಿನುಗುತ್ತದೆ. ಮುಳ್ಳು ಓಡುವಾಗ ಮೇಜಿನ ಅಂಚಿಗೆ ಉಗುರು ಒತ್ತಿ ಹಿಡಿದರೆ ದಪ್ಪ ಸದ್ದುಗಳು ಬೆರಳಿಗೆ ಬರುತ್ತವೆ. ಜನರ ಮಾತನ್ನು ತುಟಿಯಿಂದ ಓದಿದಳು. ಆ ಆರು ವರ್ಷದಲ್ಲಿ ನಾಲ್ಕನೇ ಮುದ್ರೆಯ ಮೇಲೆ ಒಂದೇ ಒಂದು ದೂರು ಬರಲಿಲ್ಲ. ಕೇಳುವ ಕೆಲಸಕ್ಕೆ ಹೊಸದಾಗಿ ಬಂದ ಇಬ್ಬರು ಹುಡುಗಿಯರಿಗೆ ಕೆಲಸ ಕಲಿಸಲು ಅವಳನ್ನೇ ನೇಮಿಸಿದರು. ನೋಡಿ ಕಲಿಯಿರಿ, ಕಿವಿಗೆ ಕಣ್ಣನ್ನು ಜೊತೆ ಮಾಡಿಕೊಳ್ಳಿ ಎಂದು ಅವಳು ಹೇಳಿಕೊಡುವಾಗ ಅವರು ಅದನ್ನು ದೊಡ್ಡ ಪರಿಣತಿ ಎಂದುಕೊಂಡರು. ಪರಿಣತಿಯೇ ಅದು.

ಮನೆಯಲ್ಲೂ ಯಾರಿಗೂ ತಿಳಿಯಲಿಲ್ಲ. ತಿಳಿಯಬೇಕಾದ ಗಂಡ ಗಿಂಟರ್ ಅವಳಿಗಿಂತ ಮೊದಲೇ ಕಿವುಡಾದವನು. ಇಪ್ಪತ್ತಾರು ವರ್ಷ ಗಣಿಯಲ್ಲಿ ಕೊರೆಯುವ ಯಂತ್ರ ಹಿಡಿದು ಕಿವಿ ಕಳೆದುಕೊಂಡು, ಅದಕ್ಕೆಂದೇ ಪಿಂಚಣಿ ಪಡೆಯುತ್ತಿದ್ದ. ಟಿವಿ ಕೂಗುವುದು ಬೀದಿಯ ತುದಿಗೆ ಕೇಳುತ್ತಿತ್ತು. ಇಬ್ಬರೂ ಕಿರುಚಿಯೇ ಮಾತಾಡುತ್ತಿದ್ದರು. ಕೆಂಪು ಇಟ್ಟಿಗೆಯ ಆ ಸಾಲುಮನೆಯಲ್ಲಿ ಕಿವುಡು ಎಂದರೆ ಗಂಡಸರ ಕಾಯಿಲೆ, ಮೀಸೆಯ ಹಾಗೆ.

ಅವಳು ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಕೇಳುವವರ ಕಿವಿ ಹೋದರೆ ಪ್ಯಾಕಿಂಗಿಗೆ ಹಾಕುತ್ತಾರೆ, ಸಂಬಳದಲ್ಲಿ ಮೂರನೇ ಒಂದು ಪಾಲು ಕಡಿತ, ಅದಕ್ಕೇ. ಅವಳಿಗೆ ಐವತ್ತೇಳು. ನಮ್ಮಲ್ಲಿ ಹೆಂಗಸರ ಪಿಂಚಣಿ ಅರವತ್ತಕ್ಕೆ. ಅದಕ್ಕೆ ನಾಲ್ಕು ವರ್ಷ ಮೊದಲಿನಿಂದ ಸುಮ್ಮಸುಮ್ಮನೆ ನೋಟಿಸು ಕೊಟ್ಟು ಕಳಿಸುವಂತಿಲ್ಲ, ಕಾನೂನಿದೆ. ದೊಡ್ಡ ತಪ್ಪು ಸಿಕ್ಕಿದರೆ ಮಾತ್ರ ಕಳಿಸಬಹುದು. ಮೂರು ವರ್ಷ ಬಾಯಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ಕಳೆದರೆ ದಡ. ಅವಳ ಲೆಕ್ಕ ಇಷ್ಟೇ.

ಅಷ್ಟರಲ್ಲಿ ‘ಫಾಮಿಲೋಕ್’ ಬಂದರು. ಟಿಮೋನ್, ಓಲಾಫ್ ಎಂಬ ಇಬ್ಬರು ಈ ಕಡೆಯ ಹುಡುಗರು. ಗಣಿ ಕಾರ್ಮಿಕರ ಸಾಲುಮನೆಗೆ ಇರುವ ಹೆಸರನ್ನೇ ತಮ್ಮ ಜೋಡಿಗೆ ಇಟ್ಟುಕೊಂಡು ಕುಣಿತದ ಸಂಗೀತ ಮಾಡುತ್ತಿದ್ದರು. ಹಿಂದಿನ ವರ್ಷ ಎಂಟು ಹಾಡುಗಳ ಆಲ್ಬಮ್ ತಂದಿದ್ದರು. ಈಗ ಅದೇ ಎಂಟನ್ನೂ ಬಿಚ್ಚಿ, ಕತ್ತರಿಸಿ, ಮರಳಿ ಹೊಲಿದು ರೀಮಿಕ್ಸ್ ಆಲ್ಬಮ್ ಮಾಡಿದ್ದರು. ಹೆಸರು ‘ಎರಡನೇ ಪಾಳಿ’. ಒತ್ತುವ ಮೊದಲು ಅವರೇ ಕಾರ್ಖಾನೆಗೆ ಬಂದು, ಕೇಳುವವರು ಯಾರೋ ಅವರನ್ನು ನೋಡಬೇಕು ಎಂದರು. ಹದಿನೆಂಟು ವರ್ಷದಲ್ಲಿ ಯಾವ ಸಂಗೀತಗಾರನೂ ಗೂಡಿನ ತನಕ ಬಂದದ್ದಿಲ್ಲ. ಓತಿಲ್ಯಾ ಏಪ್ರನ್ನಿಗೆ ಕೈ ಒರೆಸಿಕೊಂಡು ಎದ್ದು ನಿಂತಳು.

ಟಿಮೋನ್ ಒಂದು ಪಟ್ಟಿ ಕೊಟ್ಟ. ಬೇಕೆಂದೇ ಸೇರಿಸಿದ ಸದ್ದುಗಳು ಎಲ್ಲೆಲ್ಲಿವೆ ಎಂದು ನಿಮಿಷ, ಸೆಕೆಂಡಿನ ಸಮೇತ ಬರೆದಿತ್ತು. ಮುಚ್ಚಿಹೋದ ಗಣಿಯ ಗಂಟೆ, ಆಳುಗಳನ್ನು ಒಳಗಿಳಿಸುವ ಪಂಜರದ ಕಿರುಗುಟ್ಟುವಿಕೆ, ಬೂಟಿನ ಸದ್ದು. ಬಿ ಬದಿಯ ಮೂರನೇ ಹಾಡಿನ ನಡುವೆ ಗಣಿಯ ಬ್ಯಾಂಡಿನ ಒಂದು ಸವೆದ ರೆಕಾರ್ಡನ್ನು ಸೇರಿಸಿದ್ದರು. ಅದರಲ್ಲಿ ಓಲಾಫನ ಅಜ್ಜ ಊದಿದ್ದ ದೊಡ್ಡ ಕೊಂಬು ಇತ್ತು. ಅಲ್ಲಿ ಪಟ್ಟಿ ಹೀಗೆ ಹೇಳುತ್ತಿತ್ತು: ಚಟಪಟ, ಬೇಕೆಂದೇ ಬಿಟ್ಟದ್ದು, ತಿರಸ್ಕರಿಸಬೇಡಿ.

"ಪಾನಿ ಓತಿಲ್ಯಾ, ಇದು ಹಾಳಾಗಿರೋದಲ್ಲ. ನಾವೇ ಹಾಳು ಮಾಡಿರೋದು," ಎಂದ ಟಿಮೋನ್. ನಮ್ಮಲ್ಲಿ ಹಿರಿಯ ಹೆಂಗಸರನ್ನು ಹೆಸರಿಗೆ ಮೊದಲು ಪಾನಿ ಸೇರಿಸಿಯೇ ಮಾತಾಡಿಸುವುದು.

"ಅಂದ್ರೆ ಮೊದಲು ಚೆನ್ನಾಗಿತ್ತು ಅನ್ನಿ," ಎಂದಳು ಓತಿಲ್ಯಾ.

"ಹೋದ ವರ್ಷ ಚೆನ್ನಾಗೇ ಇತ್ತು," ಎಂದ ಓಲಾಫ್. "ಒಬ್ರೂ ಕುಣೀಲಿಲ್ಲ."

ಅವಳು ನಕ್ಕಳು. ಪಟ್ಟಿಯನ್ನು ಗಾಜಿಗೆ ಅಂಟಿಸಿಕೊಂಡಳು. ಹುಡುಗರು ಅವಳಿಗೆ ಹಿಡಿಸಿದರು. ಕೇಳುವವಳಿಗೂ ಒಂದು ಕಾಗದ ಕೊಡಬೇಕು ಎಂದು ಅವರಿಗೆ ತೋಚಿತ್ತಲ್ಲ.

ಎರಡು ಸಾವಿರ ಪ್ರತಿ ಒತ್ತಬೇಕಿತ್ತು. ಆ ವಾರ ಗ್ಯಾಸಿನ ಬಿಲ್ಲು ಹೆಚ್ಚಾಯಿತೆಂದು ಆವಿ ಕಡಿಮೆ ಮಾಡಿದ್ದರು. ಮಾಲು ಬೇಗ ಹೋಗಲಿ ಎಂದು ಒತ್ತುವ ಹೊತ್ತನ್ನೂ ಮೂರು ಸೆಕೆಂಡು ಇಳಿಸಿದ್ದರು. ಆರನೇ ಯಂತ್ರದ ಆಹಿಮ್ ಕುಬಿನಾ, ಅಚ್ಚು ತಣ್ಣಗಿದೆ, ಪ್ಲಾಸ್ಟಿಕ್ಕು ಗೆರೆಯ ತಳಕ್ಕೆ ಇಳಿಯುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿದ. ನಡೆಸು ಎಂದರು, ನಡೆಸಿದ. ತುಂಬದ ಗೆರೆಯ ಮೇಲೆ ಮುಳ್ಳು ಓಡಿದರೆ ಪರ್ರ್ ಎಂದು ಏನೋ ಹರಿದ ಹಾಗೆ ಸದ್ದು ಬರುತ್ತದೆ. ಚಟಪಟ ಬೇರೆ, ಅದು ಬೇರೆ. ಒಲೆಯಲ್ಲಿ ಕಟ್ಟಿಗೆ ಸಿಡಿಯುವುದಕ್ಕೂ ಅಂಗಿ ಹರಿಯುವುದಕ್ಕೂ ಇರುವಷ್ಟು ವ್ಯತ್ಯಾಸ. ಕಿವಿ ಇದ್ದವರಿಗೆ ಗೊತ್ತಾಗುತ್ತದೆ.

ಓತಿಲ್ಯಾ ಅದನ್ನು ಕಂಡಳು. ಕಾಣಲಿಲ್ಲ ಎಂದು ಯಾರೂ ಹೇಳಬಾರದು. ಬಿ ಬದಿಯ ಮೂರನೇ ಹಾಡಿನ ನಡುವೆ ಬೂದು ಮಿನುಗು ದೀಪದಲ್ಲಿ ಸ್ಪಷ್ಟವಾಗಿತ್ತು. ರೆಕಾರ್ಡನ್ನು ಎರಡು ಸಲ ಓರೆ ಮಾಡಿ ನೋಡಿದಳು. ಪಟ್ಟಿಯನ್ನು ನೋಡಿದಳು. ಬಿ ಬದಿ, ಮೂರನೇ ಹಾಡು, ಚಟಪಟ, ತಿರಸ್ಕರಿಸಬೇಡಿ. ಹುಡುಗರು ಕೆತ್ತಿಸಿದ್ದು ಹೀಗೆ ಕಾಣುತ್ತದೆ ಎಂದುಕೊಂಡಳು. ಅವಳ ಜಾಗದಲ್ಲಿ ಕಿವಿ ಇದ್ದವಳು ಪಟ್ಟಿಯನ್ನು ಮರೆತು ರೆಕಾರ್ಡನ್ನು ಬಿಸಾಡುತ್ತಿದ್ದಳು. ಕಿವಿಯ ಜೊತೆ ಕಣ್ಣೂ ಇಲ್ಲದವಳು ಯಂತ್ರದವನನ್ನಾದರೂ ವಿಚಾರಿಸುತ್ತಿದ್ದಳು. ಕಣ್ಣಿನಿಂದ ಕೇಳುವವಳು ಮಾತ್ರ ಮಾಡಬಹುದಾದ ತಪ್ಪನ್ನು ಓತಿಲ್ಯಾ ಮಾಡಿದಳು. ಮುದ್ರೆ ಒತ್ತಿದಳು. ಹೀಗೆ ಏಳು ಸಲ. ಏಳು ನೂರು ಪ್ರತಿ.

ಮೊದಲ ದೂರು ವ್ರೋತ್ಸ್ವಾಫ್ ನಗರದ ಒಂದು ಅಂಗಡಿಯಿಂದ ಬಂತು. ಆಮೇಲೆ ಸಾಲಾಗಿ ಬಂದವು, ಮಾಲೂ ವಾಪಸು ಬಂತು. ಚೀಟಿಗಳನ್ನು ತೆಗೆದರೆ ಏಳರಲ್ಲೂ ನಾಲ್ಕನೇ ನಂಬರು. ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಸೊಬಾನ್ಸ್ಕಾ ಅವಳನ್ನು ಕರೆಸಿ, ಮಂಗಳವಾರ ಹನ್ನೊಂದು ಗಂಟೆಗೆ ವಿಚಾರಣೆ, ರೆಕಾರ್ಡನ್ನು ಎದುರಿಗೇ ಹಾಕಿ ಕೇಳಿಸುತ್ತೇವೆ ಎಂದಳು. ತಣ್ಣಗಿನ ಅಚ್ಚಿನ ಮಾತನ್ನು ಯಾರೂ ಎತ್ತಲಿಲ್ಲ. ಆಹಿಮನಿಗೆ ಎರಡು ಮಕ್ಕಳಿದ್ದರು, ಅವನೂ ಎತ್ತಲಿಲ್ಲ.

ಸಂಘದ ಕಾರ್ಯದರ್ಶಿ ಎದಿತಾ ವಿಲ್ಚೋಕ್ ಆ ಸಂಜೆಯೇ ಮನೆಗೆ ಬಂದಳು. ಓತಿಲ್ಯಾ ಅವಳಿಗೂ ಏನೂ ಹೇಳಿರಲಿಲ್ಲ. ಆದರೆ ಅನುಮಾನ ಹತ್ತಿದ್ದ ಎದಿತಾ ಬೇಕೆಂದೇ ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತು, ನಿಧಾನವಾಗಿ, ಟಿಲಾಕ್ಕ, ನಿನ್ನ ಮನೆಗೆ ಬೆಂಕಿ ಬಿದ್ದಿದೆ ಎಂದಳು. ಓತಿಲ್ಯಾಳನ್ನು ಅವಳು ಕರೆಯುತ್ತಿದ್ದದ್ದು ಹಾಗೆಯೇ. ಹಿಂದೆ ಓತಿಲ್ಯಾ ಚಹಾಕ್ಕೆ ಸಕ್ಕರೆ ಕಲಕುತ್ತಲೇ ಇದ್ದಳು.

ಎದಿತಾ ತಿರುಗಿದಳು. "ಎಷ್ಟು ದಿನ ಆಯ್ತು?"

ಓತಿಲ್ಯಾ ಅವಳ ತುಟಿ ನೋಡಿದಳು. ಚಮಚ ನಿಂತಿತು. "ಆರು ವರ್ಷ."

"ಬೈಯ್ಯೋಕೂ ಮನಸ್ಸು ಬರ್ತಿಲ್ಲ ನಂಗೆ," ಎಂದಳು ಎದಿತಾ.

ಮಾರನೆಯ ದಿನವೇ ಪಕ್ಕದ ಊರಿನ ಕಿವಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಡಾಕ್ಟರು ಕಿವಿ ಪರೀಕ್ಷೆ ಮಾಡಿ, ಕಾಗದದ ಮೇಲೆ ಬಂದ ಗೆರೆಯನ್ನು ತೋರಿಸಿದರು. ಎಡದಿಂದ ಸಮವಾಗಿ ಹೋಗಿ ನಡುವೆ ಗಣಿಯ ಬಾವಿಯ ಹಾಗೆ ನೇರ ಕೆಳಗೆ ಬಿದ್ದಿತ್ತು. ಯಂತ್ರದ ಸದ್ದಿನಿಂದ, ಹೆಡ್‌ಫೋನಿನಿಂದ ಬಂದದ್ದು, ಅನುಮಾನವೇ ಇಲ್ಲ, ಮತ್ತೆ ಬರುವುದಿಲ್ಲ ಎಂದರು. ಕೆಲಸದಿಂದ ಬಂದ ರೋಗ ಎಂದು ಬರೆದುಕೊಟ್ಟರು. ಬಸ್ಸಿನಲ್ಲಿ ಎದಿತಾ ಎದುರಿನ ಸೀಟಿನಲ್ಲಿ ಕೂತು, ತುಟಿ ಕಾಣುವ ಹಾಗೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಮಂಗಳವಾರ ರೆಕಾರ್ಡು ಹಾಕುತ್ತಾರೆ, ಸದ್ದು ಕೇಳಿದಾಗ ಕೈ ಎತ್ತು ಅನ್ನುತ್ತಾರೆ. ನಿನಗೆ ಕೇಳುವುದಿಲ್ಲ. ನೀನು ಕೈ ಎತ್ತಬೇಡ. ಆಮೇಲೆ ನಾನು ಈ ಕಾಗದ ಮೇಜಿನ ಮೇಲೆ ಇಡುತ್ತೇನೆ. ನಿನ್ನ ಕಿವಿಯನ್ನು ತಿಂದವರು ಅವರು, ಐದು ನಿಮಿಷದ ಬಿಡುವು ಕೊಟ್ಟವರು ಅವರು. ಹೊರಗೆ ಹಾಕುವುದಿರಲಿ, ನಿನಗೆ ಪರಿಹಾರ ಕೊಡಬೇಕಾಗುತ್ತದೆ. ನೀನು ಮಾಡಬೇಕಾದ್ದು ಒಂದೇ, ಸುಮ್ಮನೆ ಕೂರುವುದು.

"ಕೂತ್ಕೊಳ್ತೀನಿ," ಎಂದಳು ಓತಿಲ್ಯಾ.

ಮಂಗಳವಾರ ಅವಳು ಚರ್ಚಿಗೆ ಹಾಕುವ ನೀಲಿ ಕೋಟು ತೊಟ್ಟು ಬಂದಳು. ಸಭೆಯ ಕೋಣೆಯಲ್ಲಿ ಸೊಬಾನ್ಸ್ಕಾ, ಕಂಪನಿಯ ವಕೀಲ, ಎದಿತಾ. ಗೋಡೆಯ ಪಕ್ಕದ ಎರಡು ಕುರ್ಚಿಗಳಲ್ಲಿ ಅವಳು ಕೆಲಸ ಕಲಿಸಿದ ಹುಡುಗಿಯರಿಬ್ಬರೂ ಇದ್ದರು. ಸದ್ದು ನಿಜವಾಗಿ ಎಲ್ಲಿ ಬರುತ್ತದೆ ಎಂದು ಹೇಳಲು ಸಾಕ್ಷಿಗೆಂದು ಕರೆಸಿದ್ದರು. ಅವರು ತಮ್ಮ ಮೊಣಕಾಲು ನೋಡಿಕೊಂಡು ಕೂತಿದ್ದರು. ರೆಕಾರ್ಡು ನುಡಿಸುವ ತಿರುಗುಮಣೆಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದರು, ಉಳಿದವರಿಗೂ ಕೇಳಲೆಂದು ಪಕ್ಕದಲ್ಲಿ ಒಂದು ಸ್ಪೀಕರು. ಸೊಬಾನ್ಸ್ಕಾ ಅವಳ ಕೈಗೆ ಹೆಡ್‌ಫೋನು ಕೊಟ್ಟು, ಬಿ ಬದಿಯ ಮೂರನೇ ಹಾಡಿಗೆ ಮುಳ್ಳು ಇಡಿಸಿ, ತೊಂದರೆ ಕೇಳಿದ ಕೂಡಲೇ ಕೈ ಎತ್ತಿ ಎಂದಳು.

ಓತಿಲ್ಯಾ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಧಡ್ ಧಡ್ ಎನ್ನುವುದು ದೂರದ ಲಾರಿಯ ಹಾಗೆ ಬರುತ್ತಿತ್ತು, ಅದರ ಮೇಲೆ ಏನೂ ಇಲ್ಲ. ಸುಮ್ಮನೆ ಕೂರುವುದು ಕಷ್ಟದ ಕೆಲಸವಲ್ಲ ಎಂದುಕೊಂಡಳು. ಆಗ ವಕೀಲ ಕಾಫಿ ಲೋಟವನ್ನು ಕೆಳಗಿಟ್ಟು ಸೊಬಾನ್ಸ್ಕಾಳ ಕಡೆ ಬಾಗಿದ. ಅವನ ತುಟಿ ಅವಳಿಗೆ ಪೂರ್ತಿ ಕಾಣುತ್ತಿತ್ತು. ಇವಳಿಗೆ ಯಾವತ್ತಾದರೂ ಕೆಲಸ ಬರುತ್ತಿತ್ತೇ, ಎಂದ. ಮಾತು ಹುಡುಗಿಯರಿಗೂ ಕೇಳಿಸಿತ್ತು. ಅವರಲ್ಲಿ ಚಿಕ್ಕವಳು ತಲೆ ಎತ್ತಿ ಓತಿಲ್ಯಾಳ ಮುಖವನ್ನೇ ನೋಡಿದಳು.

ಕಿಟಕಿಯ ಬೆಳಕು ರೆಕಾರ್ಡಿನ ಮೇಲೆ ಓರೆಯಾಗಿ ಬೀಳುತ್ತಿತ್ತು. ಬೂದು ಮಿನುಗು ಸುತ್ತಿ ಸುತ್ತಿ ಬರುತ್ತಿತ್ತು. ಮುಳ್ಳು ಅದರ ಹತ್ತಿರಕ್ಕೆ ಬಂತು. ಇನ್ನು ನಾಲ್ಕು ಸುತ್ತು, ಇನ್ನು ಮೂರು. ಅದು ತುಂಬದ ಗೆರೆ ಎಂದು ಈಗ ಅವಳಿಗೆ ಗೊತ್ತಿತ್ತು. ಎಲ್ಲಿ ಹರಿಯುತ್ತದೆ ಎಂದು ಕೂದಲೆಳೆಯಷ್ಟೂ ತಪ್ಪದೆ ಗೊತ್ತಿತ್ತು. ಕೋಣೆಯಲ್ಲಿ ಆ ಹುಡುಗಿಯರನ್ನು ಬಿಟ್ಟರೆ ಅದನ್ನು ಬಲ್ಲವಳು ಅವಳೊಬ್ಬಳೇ. ಹುಡುಗಿಯರಿಗೂ ಕಲಿಸಿದವಳು ಅವಳೇ.

ಓತಿಲ್ಯಾ ಕೈ ಎತ್ತಿದಳು.

ಸರಿಯಾದ ಜಾಗಕ್ಕೆ ಎತ್ತಿದಳು, ಅರ್ಧ ಸೆಕೆಂಡೂ ಆಚೀಚೆ ಇಲ್ಲ. ಸದ್ದು ನಿಂತಲ್ಲಿಗೆ ಇಳಿಸಿದಳು. ಹುಡುಗಿಯರಿಬ್ಬರೂ ಹೌದು ಎಂದು ತಲೆಯಾಡಿಸಿದರು. ಸೊಬಾನ್ಸ್ಕಾ ಮುಳ್ಳು ತೆಗೆದು, ಇಷ್ಟು ಚೆನ್ನಾಗಿ ಕೇಳುವ ಕಿವಿ ಏಳು ಸಲ ಇದನ್ನು ಯಾಕೆ ಬಿಟ್ಟಿತು ಎಂದು ಕೇಳಿದಳು. ಪಟ್ಟಿಯಲ್ಲಿತ್ತು ಎಂದಳು ಓತಿಲ್ಯಾ. ಪಟ್ಟಿಯಲ್ಲಿ ಚಟಪಟ ಎಂದಿದೆ, ಇದು ಹರಿಯುವ ಸದ್ದು, ಹದಿನೆಂಟು ವರ್ಷದ ಅನುಭವಕ್ಕೆ ಅಷ್ಟೂ ತಿಳಿಯಲಿಲ್ಲವೇ ಎಂದ ವಕೀಲ. ಅದಕ್ಕೆ ಅವಳಲ್ಲಿ ಉತ್ತರವಿತ್ತು, ಆದರೆ ಈಗ ಹೇಳಿದರೆ ಯಾರು ನಂಬುತ್ತಾರೆ. ಎದಿತಾ ಡಾಕ್ಟರ ಕಾಗದವನ್ನು ಮೇಜಿನ ಮೇಲೆ ಇಟ್ಟಳು. ವಕೀಲ ಅದನ್ನು ಓದಿ ಎರಡು ಬೆರಳಿನಿಂದ ವಾಪಸು ತಳ್ಳಿದ.

"ಕೇಳಲ್ಲ ಅಂತ ಡಾಕ್ಟರ ಮುಂದೆ ನಾಟಕ ಆಡಬಹುದು, ಮೇಡಂ," ಎಂದ. "ಕೇಳುತ್ತೆ ಅಂತ ಯಾರಾದರೂ ನಾಟಕ ಆಡೋಕಾಗುತ್ತಾ?"

ಗೊತ್ತಿದ್ದೂ ಕೆಟ್ಟ ಮಾಲು ಪಾಸು ಮಾಡಿದಳು, ಘೋರ ಕರ್ತವ್ಯಲೋಪ ಎಂದು ಬರೆದುಕೊಂಡರು. ಏಳು ನೂರು ಪ್ರತಿ ನಾಶ ಮಾಡಬೇಕಾಗಿ ಬಂದದ್ದರ ನಷ್ಟವನ್ನೂ ಬರೆದುಕೊಂಡರು. ಹನ್ನೆರಡು ಗಂಟೆಯ ಒಳಗೆ ಓತಿಲ್ಯಾ ಗೇಟಿನ ಹೊರಗಿದ್ದಳು.

ಟ್ರಾಮ್ ನಿಲ್ದಾಣದಲ್ಲಿ ಎದಿತಾ ಅವಳನ್ನು ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಎದಿತಾ ಮೂರು ಮುಷ್ಕರ ಕಂಡವಳು, ಜೈಲಿಗೂ ಹೋಗಿ ಬಂದವಳು, ಅವತ್ತಿನ ತನಕ ಅವಳ ಕಣ್ಣಲ್ಲಿ ನೀರು ಕಂಡವರಿಲ್ಲ.

"ಸುಮ್ನೆ ಕೂತ್ಕೋ ಅಂದಿದ್ದೆ. ಅಷ್ಟೇ ತಾನೆ ಅಂದಿದ್ದು."

"ಹೂಂ."

"ಮತ್ತೆ ಯಾಕೆ ಎತ್ತಿದೆ, ಟಿಲಾಕ್ಕ?"

"ಆ ಹುಡುಗೀರು ನೋಡ್ತಿದ್ರು," ಎಂದಳು ಓತಿಲ್ಯಾ. ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ನಂಗೆ ಗೊತ್ತಿತ್ತು ಕಣೇ ಅದು ಎಲ್ಲಿ ಬರುತ್ತೆ ಅಂತ," ಎಂದಳು.

ಸೊಕ್ಕು ಎಂದರು ಕೆಲವರು. ಇರಬಹುದು. ಬಡವರಿಗೆ ಸೊಕ್ಕು ಇರಬಾರದು ಎಂದು ಎಲ್ಲಿ ಬರೆದಿದೆಯೋ ಗೊತ್ತಿಲ್ಲ. ಅವಳಿಗೆ ತನ್ನದೆಂದು ಇದ್ದದ್ದು ಅದೊಂದು ಕೆಲಸ. ಅದು ಬರುವುದಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡರೆ ಮಾತ್ರ ಉಳಿಗಾಲ ಎಂಬ ಜಾಗಕ್ಕೆ ಅವಳನ್ನು ತಂದು ನಿಲ್ಲಿಸಿದ್ದರು. ಅಲ್ಲಿ ಅವಳ ಕೈ ಅವಳ ಮಾತು ಕೇಳಲಿಲ್ಲ.

ಗಿಂಟರ್ ಅಂಗಳದಲ್ಲಿ ಪಾರಿವಾಳದ ಗೂಡಿಗೆ ಹೊಸ ಹಲಗೆ ಹೊಡೆಯುತ್ತಿದ್ದ. ಮಧ್ಯಾಹ್ನವೇ ಬಂದ ಹೆಂಡತಿಯನ್ನು ನೋಡಿ ಸುತ್ತಿಗೆ ಇಳಿಸಿದ. ಅವಳು ಅವನನ್ನು ಅಡುಗೆಮನೆಗೆ ಕರೆದು, ಮೇಜಿಗೆ ಹಾಸಿದ್ದ ಹಳೆಯ ಪತ್ರಿಕೆಯ ಅಂಚಿನಲ್ಲಿ ಬರೆದಳು. ಕಿರುಚಿ ಹೇಳುವ ವಿಷಯವಾಗಿರಲಿಲ್ಲ. ಕೆಲಸ ಹೋಯಿತು ಎಂದು ಮೊದಲು ಬರೆದಳು. ಅದರ ಕೆಳಗೆ, ಆರು ವರ್ಷದಿಂದ ನನಗೂ ಕೇಳುವುದಿಲ್ಲ, ಎಂದು ಬರೆದಳು.

ಗಿಂಟರ್ ಕನ್ನಡಕ ಹಾಕಿಕೊಂಡು ಎರಡನೇ ಸಾಲನ್ನು ಬಹಳ ಹೊತ್ತು ಓದಿದ. ಮೊದಲನೆಯದರ ಬಗ್ಗೆ ಏನೂ ಕೇಳಲಿಲ್ಲ.

"ಹಂಗಾದ್ರೆ ಈ ಆರು ವರ್ಷ ನಾನು ಬಡ್ಕೊಂಡಿದ್ದೆಲ್ಲ ಯಾರು ಕೇಳಿಸ್ಕೊಂಡ್ರು?" ಎಂದು ಕೂಗಿದ.

"ಬೈತಿದ್ದಿ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು."

"ಬರೀ ಬೈದಿದ್ದೇ ಅಲ್ಲ. ಒಂದೆರಡು ಸಲ ಒಳ್ಳೇದೂ ಅಂದಿದ್ದೆ."

ಓತಿಲ್ಯಾ ಒಲೆಯ ಕಡೆ ತಿರುಗಿ ಹುಳಿಸಾರಿನ ಪಾತ್ರೆ ಇಟ್ಟಳು. ಅವಳ ಬೆನ್ನು ಅಲ್ಲಾಡುತ್ತಿತ್ತು. ಗಿಂಟರ್ ಎದ್ದು ಹೋಗಿ ಟಿವಿ ಆರಿಸಿದ. ಮದುವೆಯಾದ ಮೇಲೆ ಅವನು ಹಗಲು ಹೊತ್ತಿನಲ್ಲಿ ಟಿವಿ ಆರಿಸಿದ್ದು ಅದೇ ಮೊದಲು. ಇಬ್ಬರಿಗೂ ಏನೂ ವ್ಯತ್ಯಾಸ ತಿಳಿಯಲಿಲ್ಲ.

ಫೆಬ್ರವರಿಯಲ್ಲಿ ಆ ಹುಡುಗರಿಬ್ಬರೂ ಮನೆ ಹುಡುಕಿಕೊಂಡು ಬಂದರು. ಸುದ್ದಿ ತಡವಾಗಿ ಮುಟ್ಟಿತ್ತು. ಓತಿಲ್ಯಾ ಮೊಟ್ಟೆ ಹಾಕಿದ ಹುಳಿಸಾರು ಬಡಿಸಿದಳು. ಓಲಾಫ್ ಚಮಚವನ್ನು ಪಕ್ಕಕ್ಕಿಟ್ಟ. ಅವನೇ ಬಾಯಿಬಿಟ್ಟ. ಏಳು ನೂರು ಪ್ರತಿಯಲ್ಲಿ ಒಂದನ್ನೂ ನಾಶ ಮಾಡಿಲ್ಲ. ಆ ಹರಿಯುವ ಸದ್ದು ಅಜ್ಜನ ಕೊಂಬಿನ ಮೇಲೆ ಬಂದು ಕೂತಿರುವುದು ತಮಗೇ ಹಿಡಿಸಿತು. ಹಾಗೆಂದು ಕಂಪನಿಗೆ ಹೇಳಿದರು. ಕಂಪನಿ ಅವುಗಳಿಗೆ ‘ಗಾಯದ ಪ್ರತಿ’ ಎಂದು ಕೆಂಪು ಚೀಟಿ ಅಂಟಿಸಿ, ಇನ್ನೊಂದು ಹೆಸರಿನ ಅಂಗಡಿಯ ಮೂಲಕ ಎರಡರಷ್ಟು ಬೆಲೆಗೆ ಮಾರಿತು. ಮೂರು ವಾರದಲ್ಲಿ ಖಾಲಿ. ಸರಿಯಾಗಿ ಒತ್ತಿದ ಸಾವಿರದ ಮುನ್ನೂರು ಇನ್ನೂ ಗೋದಾಮಿನಲ್ಲಿವೆ.

ಓತಿಲ್ಯಾ ಅವನ ತುಟಿಯನ್ನು ಕೊನೆಯ ತನಕ ನೋಡಿದಳು. ಆಮೇಲೆ ಕೇಳಿದಳು, "ಹೆಂಗಿರುತ್ತೆ ಅದು? ಸದ್ದು."

ಓಲಾಫ್ ಗೆಳೆ‌ಯನ ಮುಖ ನೋಡಿದ. ಟಿಮೋನ್ ಸ್ವಲ್ಪ ಯೋಚಿಸಿ, "ಹೊಸ ದುಪ್ಪಟಿ ಹರಿದ್ರೆ ಬರುತ್ತಲ್ಲ, ಹಂಗೆ," ಎಂದ. "ಆದ್ರೆ ಹರಿದು ಮುಗಿಯೋದೇ ಇಲ್ಲ."

"ಚೆನ್ನಾಗಿದ್ಯಾ?"

"ತುಂಬಾ ಚೆನ್ನಾಗಿದೆ, ಪಾನಿ."

"ಹಂಗಾದ್ರೆ ನಾನು ಸರಿಯಾಗೇ ಪಾಸು ಮಾಡಿದ್ದೆ," ಎಂದು ಅವಳು ತಟ್ಟೆಗಳನ್ನು ಎತ್ತಿದಳು.

ಸಂಘ ಅಷ್ಟರಲ್ಲಿ ಓತಿಲ್ಯಾಳ ಪರವಾಗಿ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹೂಡಿತ್ತು. ಪ್ರತಿಗಳನ್ನು ಮಾರಿದರು ಎಂಬ ಮಾತನ್ನೇ ಅಲ್ಲಿಗೆ ಬರೆದು ಸಹಿ ಹಾಕಿಕೊಡಿ ಎಂದು ಎದಿತಾ ಹುಡುಗರನ್ನು ಕೇಳಿದಳು. ಅವರ ಮುಂದಿನ ಎರಡು ಆಲ್ಬಮ್‌ಗಳಿಗೂ ಇದೇ ಕಾರ್ಖಾನೆಯ ಜೊತೆ ಕರಾರಾಗಿತ್ತು. ಯೋಚಿಸಿ ಹೇಳುತ್ತೇವೆ ಎಂದರು. ಇನ್ನೂ ಯೋಚಿಸುತ್ತಿದ್ದಾರೆ. ಒಳ್ಳೆಯ ಹುಡುಗರೇ, ಆ ಬಗ್ಗೆ ಜಗಳವಿಲ್ಲ. ಒಳ್ಳೆಯವರಾಗಿರುವುದಕ್ಕೆ ಖರ್ಚಾಗುವುದಿಲ್ಲ, ಸಹಿಗೆ ಆಗುತ್ತದೆ.

ಓತಿಲ್ಯಾ ಈಗ ಎರಡು ಕಟ್ಟಡಗಳ ಮೆಟ್ಟಿಲು ತೊಳೆಯುತ್ತಾಳೆ. ಹಿಂದಿನಿಂದ ಯಾರಾದರೂ ಇಳಿದುಬಂದರೆ ತಿಳಿಯುವುದಿಲ್ಲವಾದ್ದರಿಂದ ಗೋಡೆಗೆ ಬೆನ್ನು ಕೊಟ್ಟು ತೊಳೆಯುವುದನ್ನು ರೂಢಿಸಿಕೊಂಡಿದ್ದಾಳೆ. ಅವಳು ಕಲಿಸಿದ ಹುಡುಗಿಯರಲ್ಲಿ ದೊಡ್ಡವಳು ಬೀದಿಯಲ್ಲಿ ಸಿಕ್ಕಿದರೆ ಆಚೆ ಬದಿಗೆ ದಾಟುತ್ತಾಳೆ. ಚಿಕ್ಕವಳು ಒಮ್ಮೆ ಹತ್ತಿರ ಬಂದು, ತನಗೂ ಈಗ ಸಂಜೆಯ ಹೊತ್ತಿಗೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದಳು. ಓತಿಲ್ಯಾ ಅವಳಿಗೆ ಡಾಕ್ಟರ ವಿಳಾಸ ಬರೆದುಕೊಟ್ಟಳು. ಬರೆದುಕೊಟ್ಟು, ಇವತ್ತೇ ಹೋಗು, ಹೋಗಿದ್ದನ್ನು ಎಲ್ಲರಿಗೂ ಹೇಳು ಎಂದಳು.

ಮೇ ಹದಿನಾಲ್ಕಕ್ಕೆ ನ್ಯಾಯಾಲಯದಲ್ಲಿ ಕೊನೆಯ ವಿಚಾರಣೆ. ಏಳು ನೂರು ಪ್ರತಿಯನ್ನೂ ಪುಡಿ ಮಾಡಿದ್ದೇವೆ, ಅಷ್ಟು ನಷ್ಟವಾಗಿದೆ ಎಂದು ಕಂಪನಿ ಪ್ರಮಾಣ ಮಾಡಿ ಬರೆದುಕೊಟ್ಟಿದೆ. ಪುಡಿಯಾದ ರೆಕಾರ್ಡು ಯಾರ ಮನೆಯಲ್ಲೂ ತಿರುಗುವುದಿಲ್ಲ. ಅವುಗಳಲ್ಲಿ ಒಂದು ನಿಮ್ಮ ಮನೆಯಲ್ಲಿ ತಿರುಗುತ್ತಿರಬಹುದು. ನೀವು ಅದಕ್ಕೆ ಕುಣಿದಿರಬಹುದು, ನೆಂಟರಿಗೆ ಹಾಕಿ ಕೇಳಿಸಿರಬಹುದು, ಅಪರೂಪದ್ದು ಎಂದು ಕಪಾಟಿನಲ್ಲಿ ಇಟ್ಟಿರಬಹುದು. ಈಗ ಎದ್ದು ಅದನ್ನು ತೆಗೆಯಿರಿ. ಕೆಂಪು ಚೀಟಿ ಇದೆಯೇ ನೋಡಿ. ಕೊಂಡಾಗ ಕೊಟ್ಟ ಬಿಲ್ಲನ್ನು ಹುಡುಕಿ. ನಿಮ್ಮಲ್ಲಿ ಇಲ್ಲವಾದರೆ ಇರುವವರು ಯಾರೆಂದು ನಿಮಗೆ ಗೊತ್ತು, ಅವರ ಮನೆಗೆ ಹೋಗಿ ಕೇಳಿ. ಎದಿತಾ ವಿಲ್ಚೋಕ್ ಸಂಘದ ಕೋಣೆಯಲ್ಲಿ ಬೆಳಗ್ಗೆ ಏಳರಿಂದ ಕೂತಿರುತ್ತಾಳೆ. ಬಿಲ್ಲನ್ನು ಹದಿಮೂರನೇ ತಾರೀಕಿನೊಳಗೆ ಅವಳ ಕೈಗೆ ಕೊಡಿ, ಮಾರನೆಯ ದಿನ ನ್ಯಾಯಾಧೀಶರ ಮುಂದೆ ನಿಂತು, ಇದನ್ನು ದುಡ್ಡು ಕೊಟ್ಟು ಕೊಂಡವನು ನಾನು ಎಂದು ಹೇಳಿ.